ಮಾವನ ಟ್ರ್ಯಾಕ್ಟರ್ ನೋಟು

ಮೊನ್ನೆ ನ್ಯಾಮತಿಯಿಂದ ಸೋದರಮಾವ ಫೋನ್ ಮಾಡಿದ್ದರು. ಹಳೇ ಟ್ರಂಕಿನಲ್ಲಿ ಟ್ರ್ಯಾಕ್ಟರ್ ಚಿತ್ರದ ಐದು ರೂಪಾಯಿ ನೋಟು ಸಿಕ್ಕಿದೆಯಂತೆ. "ಯಾರೋ ಎರಡು ಲಕ್ಷ ಕೊಡ್ತಾರಂತೆ ಕಣೋ, ಮೊದಲು ಐದು ಸಾವಿರ ಫೀಸು ಕಟ್ಟಬೇಕಷ್ಟೆ" ಅಂದರು.

ಕಟ್ಟಬೇಡಿ ಮಾವ ಅಂದೆ. ಹಳೇ ನೋಟು, ನಾಣ್ಯ ಮಾರಿಸಿಕೊಡಲು ತಾನು ಯಾವ ಫೀಸೂ ಕೇಳುವುದಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟಿನಲ್ಲೇ ಎಚ್ಚರಿಸಿತ್ತು. ಮಾವ ಒಪ್ಪಲಿಲ್ಲ. "ಅಮೆರಿಕದಲ್ಲಿ ಹಳೇ ನೋಟಿಗೆ ಲಕ್ಷಗಟ್ಟಲೆ ಕೊಡಲ್ವಾ?"

ಕೊಡುತ್ತಾರೆ. ಆದರೆ ಹಳೆಯದು ಅಂತಲ್ಲ. ಅಲ್ಲಿ 1863ರಿಂದ 1935ರವರೆಗೆ ಸಣ್ಣ ಊರಿನ ಬ್ಯಾಂಕಿನ ಹೆಸರಲ್ಲೂ ನೋಟು ಹೊರಡುತ್ತಿತ್ತು, ಮುಖದ ಮೇಲೆ ಬ್ಯಾಂಕಿನ ಹೆಸರು, ಊರಿನ ಹೆಸರು. ಅದೇ ಇಸವಿ, ಅದೇ ಐದು ಡಾಲರ್. ದೊಡ್ಡ ನಗರದ್ದಾದರೆ ಅಗ್ಗ, ಎರಡೋ ಮೂರೋ ಮಾತ್ರ ಉಳಿದಿರುವ ಹಳ್ಳಿಯದಾದರೆ ಆ ಊರಿನವರೇ ಪೈಪೋಟಿಗೆ ಬಿದ್ದು ಕೊಳ್ಳುತ್ತಾರೆ. ಹೊನ್ನಾಳಿ, ಚನ್ನಗಿರಿ, ಜಗಳೂರು ಅಂತ ಅಚ್ಚಾದ ನೋಟು ಇದ್ದಿದ್ದರೆ ನಾನೂ ಸಾಲ ಮಾಡಿ ಕೊಳ್ಳುತ್ತಿದ್ದೆನೇನೋ :)

ನಮ್ಮಲ್ಲಿ ಆ ದಾರಿ 1861ರಲ್ಲೇ ಮುಚ್ಚಿತು. ಅದಕ್ಕೂ ಮೊದಲು ಬಂಗಾಳ, ಬೊಂಬಾಯಿ, ಮದ್ರಾಸ್ ಬ್ಯಾಂಕುಗಳು ತಮ್ಮದೇ ನೋಟು ಹೊರಡಿಸುತ್ತಿದ್ದವು. ಆ ವರ್ಷದ ಕಾಯ್ದೆ ಹಕ್ಕನ್ನು ಸರ್ಕಾರಕ್ಕೇ ಕೊಟ್ಟಿತು. ಹಾಗಾಗಿ 1913ರಲ್ಲಿ ಹುಟ್ಟಿದ ನಮ್ಮ ಮೈಸೂರು ಬ್ಯಾಂಕ್ ಚೆಕ್ಕು ಕೊಟ್ಟೀತು, ನೋಟು ಕೊಡುವಂತಿರಲಿಲ್ಲ. ಊರ ಹೆಸರು ಮಾತ್ರ ಬೇರೆ ರೂಪದಲ್ಲಿ ಉಳಿಯಿತು. ಸರ್ಕಾರ ದೇಶವನ್ನು ಕಲ್ಕತ್ತ, ಮದ್ರಾಸ್, ಕಾನ್ಪುರ, ಲಾಹೋರ್, ರಂಗೂನ್ ಮುಂತಾದ 'ಸರ್ಕಲ್'ಗಳಾಗಿ ಹಂಚಿತ್ತು. ಒಂದರ ನೋಟು ಇನ್ನೊಂದರಲ್ಲಿ ಕಾನೂನಿನ ಪ್ರಕಾರ ನಡೆಯುತ್ತಿರಲಿಲ್ಲ! ನೂರು ರೂಪಾಯಿವರೆಗಿನವು ದೇಶವಿಡೀ ನಡೆಯುವಂತಾಗಿದ್ದು 1911ರ ಹೊತ್ತಿಗೆ. ಸಂಗ್ರಾಹಕರು ಇವತ್ತಿಗೂ ಮೊದಲು ನೋಡುವುದು ಯಾವ ಸರ್ಕಲ್ ಎಂದೇ.

ಟ್ರ್ಯಾಕ್ಟರ್ ನೋಟಿನಲ್ಲಿ ಇಂಥದ್ದೇನೂ ಇಲ್ಲ. ಅಚ್ಚಾಗಿದ್ದು ರಾಶಿರಾಶಿ.

ಇಷ್ಟೆಲ್ಲ ಕೇಳಿ ಮಾವ ಸುಮ್ಮನಾದರು. ಫೀಸು ಕಟ್ಟಲಿಲ್ಲ, ಸದ್ಯ. ಆಮೇಲೆ ಅತ್ತೆ ಫೋನ್ ತೆಗೆದುಕೊಂಡು, ಅಜ್ಜನ ಲೆಕ್ಕದ ಪುಸ್ತಕದೊಳಗೆ ರಾಜನ ತಲೆಯ ಒಂದು ರೂಪಾಯಿ ನೋಟೂ ಇದೆ ಅಂದರು! ಮೊದಲ ಮಹಾಯುದ್ಧದಲ್ಲಿ ಬೆಳ್ಳಿ ಸಾಲದೆ 1917ರ ನವೆಂಬರ್ 30ರಂದು ಹೊರಟದ್ದು ಐದನೇ ಜಾರ್ಜನ ಒಂದು ರೂಪಾಯಿ ನೋಟು. 25 ನೋಟಿನ ಪುಸ್ತಕವಾಗಿಯೂ ಸಿಗುತ್ತಿತ್ತು. 1926ರಲ್ಲಿ ನಿಂತು, ಮತ್ತೆ ಬಂದದ್ದು 1940ರಲ್ಲಿ, ಆರನೇ ಜಾರ್ಜನ ತಲೆಯೊಂದಿಗೆ. ಅತ್ತೆಗೆ ಯಾವ ಜಾರ್ಜ್ ಎಂದು ಗೊತ್ತಾಗಲಿಲ್ಲ, ಗಡ್ಡ ಇದೆಯಾ ನೋಡಿ ಅಂದೆ. ಕನ್ನಡಕ ಸಿಗಲಿಲ್ಲವಂತೆ.

ಇಸ್ತ್ರಿ ಮಾಡಬೇಡಿ, ಟೇಪು ಹಚ್ಚಬೇಡಿ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ ಎಂದು ಹೇಳಿದ್ದೇನೆ. ಹಬ್ಬಕ್ಕೆ ಊರಿಗೆ ಹೋದಾಗ ನೋಡಬೇಕು.