ಗೂಡ್ಸಿಗೆ ದಾರಿ ಬಿಟ್ಟು

ಉಗಿಬಂಡಿ ಹೋದಾಗ ನಿಟ್ಟುಸಿರಿಟ್ಟವರು ನಮ್ಮಲ್ಲಿ ಬಹಳ ಮಂದಿ. ಅದರ ಜಾಗಕ್ಕೆ ಬಂದ ಡೀಸೆಲ್ ಎಂಜಿನಿಗಾಗಿ ಮರುಗುವವರು ಅಷ್ಟಾಗಿ ಕಾಣರು. ಎಣ್ಣೆ ಕುಡಿದು ಕಪ್ಪು ಹೊಗೆ ಕಾರುವ ಉಕ್ಕಿನ ಡಬ್ಬಕ್ಕೆ ಎಲ್ಲಿಯ ಸೊಗಸು ಎನ್ನಬಹುದು. ನೌಕರಿಗಾಗಿ ಧಾರವಾಡದಿಂದ ಹುಬ್ಬಳ್ಳಿಗೆ ಹಲವು ವರುಷ ಓಡಾಡಿದ ನನ್ನಂಥವನ ಕಿವಿಯನ್ನು ಕೇಳಿದರೆ ಉತ್ತರ ಬೇರೆ.

ಸುಮಾರು 20 ಕಿಲೋಮೀಟರಿನ ದಾರಿ. ಆಗ ಇದ್ದದ್ದು ಒಂದೇ ಹಳಿ. ನವಲೂರಿನಲ್ಲಿ ನಮ್ಮ ಪ್ಯಾಸೆಂಜರು ಸುಮ್ಮನೆ ನಿಂತಿತೆಂದರೆ ಎದುರಿನಿಂದ ಗೂಡ್ಸು ಬರುತ್ತಿದೆಯೆಂದೇ ಅರ್ಥ. ಮೊದಲು ನೆಲ ನಡುಗುವುದು, ಆಮೇಲೆ ಗುಡುಗು, ಆಮೇಲೆ ಜೋಡಿ ಎಂಜಿನು, ಅದರ ಹಿಂದೆ ವ್ಯಾಗನ್ನುಗಳ ಸಾಲು. ನಾನು ಎಣಿಸುತ್ತಿದ್ದೆ. 58 ಬಂದರೆ ಸಮಾಧಾನ. ನಡುವೆ ಯಾರಾದರೂ ಮಾತನಾಡಿಸಿದರೋ, ಲೆಕ್ಕ ತಪ್ಪಿ ಸಂಜೆಯವರೆಗೂ ಇರುಸುಮುರುಸು! ಬಳ್ಳಾರಿ ಸೀಮೆಯ ಕೆಂಪು ಅದಿರು ಗೋವೆಯ ಮುರಗಾಂವ ಬಂದರಿಗೆ ಇಳಿಯುತ್ತಿತ್ತು. ಬಂದರಿನಿಂದ ಕಲ್ಲಿದ್ದಲು ಘಟ್ಟ ಹತ್ತಿ ಬರುತ್ತಿತ್ತು. ಕ್ಯಾಸಲ್ ರಾಕಿನ ಆ ಘಟ್ಟದಲ್ಲಿ 37 ಅಡಿ ಸಾಗಿದರೆ 1 ಅಡಿ ಏರು. ಮುಂದೆ ಎಳೆಯುವ ಎಂಜಿನುಗಳ ಜೊತೆಗೆ ಹಿಂದಿನಿಂದ ನೂಕುವವೂ ಬೇಕು.

ಗೂಡ್ಸಿಗಾಗಿ ನಾವು ಕಾಯುವುದರಲ್ಲಿ ಅನ್ಯಾಯವೇನೂ ಇರಲಿಲ್ಲ. ಈ ಹಾದಿ ಹುಟ್ಟಿದ್ದೇ ಸರಕಿಗಾಗಿ. ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ, ಅಂದರೆ 1876–78ರಲ್ಲಿ, ಕಾಳು ಸಾಗಿಸಲು ಈ ಸೀಮೆಯಲ್ಲಿ ಹಳಿಗಳಿರಲಿಲ್ಲ. ಅದನ್ನು ಕಂಡ ಮೇಲೆಯೇ 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಸ್ಥಾಪನೆಯಾದದ್ದು. ಧಾರವಾಡದ ಹತ್ತಿಯ ಮೇಲೂ ಕಣ್ಣಿತ್ತೆನ್ನಿ.

ಡೀಸೆಲ್ಲಿನದೂ ಒಂದು ವಿಚಿತ್ರ ಕಥೆ. ಅಮೆರಿಕದ ಆಲ್ಕೊ ಕಂಪನಿಯ ವಿನ್ಯಾಸದಂತೆ ವಾರಾಣಸಿಯ ಕಾರ್ಖಾನೆ ಕಟ್ಟಿದ ಮೊದಲ ಎಂಜಿನನ್ನು 1964ರಲ್ಲಿ ಲಾಲ್ ಬಹಾದೂರ್ ಶಾಸ್ತ್ರಿಯವರು ರಾಷ್ಟ್ರಕ್ಕೆ ಅರ್ಪಿಸಿದರು. 1969ರಲ್ಲಿ ಆಲ್ಕೊ ಬಾಗಿಲು ಮುಚ್ಚಿತು; ಅದರ ಎಂಜಿನು ಮಾತ್ರ ನಮ್ಮಲ್ಲಿ ದಶಕಗಟ್ಟಲೆ ಬಾಳಿತು. ತಾಯಿ ಸತ್ತ ಮೇಲೂ ಕೂಸು ಸೋದರಮಾವನ ಮನೆಯಲ್ಲಿ ಬೆಳೆದಂತೆ. ಮೀಟರ್ ಗೇಜು ಹೋಗಿ ಬ್ರಾಡ್ ಗೇಜು ಬಂದ ಮೇಲೆ ಅಮೆರಿಕದ್ದೇ ಇನ್ನೊಂದು ಕಂಪನಿಯ 4000 ಅಶ್ವಶಕ್ತಿಯ ಎಂಜಿನುಗಳು ಬಂದವು. ಹುಬ್ಬಳ್ಳಿಯ ಶೆಡ್ಡು ಅವುಗಳ ತವರಾಯಿತು.

ಅದಿರಿನ ಗಾಡಿಯನ್ನು ಹೊಗಳುವಾಗ ಒಂದು ಮಾತು ಗಂಟಲಲ್ಲಿ ತಡೆಯುತ್ತದೆ. ಎಣಿಸಿದ ಒಂದೊಂದು ವ್ಯಾಗನ್ನಿನಲ್ಲೂ ಇದ್ದದ್ದು ಸೊಂಡೂರು, ಹೊಸಪೇಟೆಗಳ ಗುಡ್ಡದ ಮೈ. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕಿತು. ಅದು ಬೇಕಾಗಿತ್ತು ಎಂದೇ ನನ್ನ ಎಣಿಕೆ.

ಮುಂದೆ ವಿದ್ಯುತ್ ತಂತಿ ಬಂತು. 2023ರ ಜೂನ್ 27ರಂದು ವಂದೇ ಭಾರತ್ ಗಾಡಿ ಧಾರವಾಡದಿಂದ ಬೆಂಗಳೂರಿಗೆ ಅದೇ ತಂತಿಯ ಕೆಳಗೆ ಓಡಿತು. ಈಗ ಗೂಡ್ಸನ್ನು ಎಳೆಯುವ ವಿದ್ಯುತ್ ಎಂಜಿನು ತೀರ ಪಕ್ಕಕ್ಕೆ ಬರುವವರೆಗೆ ಕಿವಿಗೆ ಸುಳಿವೇ ಹತ್ತುವುದಿಲ್ಲ.