ಆಗಸ್ಟ್‌ನಲ್ಲಿ ಖಾಲಿಯಾಗೋ ಪ್ಯಾರಿಸ್

ಆಗಸ್ಟ್ ಬಂದ್ರೆ ಪ್ಯಾರಿಸ್‌ನ ಅಂಗಡಿ ಬಾಗಿಲುಗಳಿಗೆ ‘ರಜೆ’ ಅಂತ ಚೀಟಿ ಬೀಳುತ್ತೆ. ಜನ ಸಮುದ್ರದ ಕಡೆ ಹೊರಡ್ತಾರೆ, ಬೀದಿಗಳು ಬಿಕೋ ಅನ್ನುತ್ತವೆ.

ಬೇಸಿಗೆಗೆ ಊರು ಬಿಡೋದು ಮೊದಲು ಹಣವಂತರ ವೈಭೋಗ. 1936ರಲ್ಲಿ ಲಕ್ಷಾಂತರ ಕಾರ್ಮಿಕರು ಮುಷ್ಕರ ಹೂಡಿ ಕಾರ್ಖಾನೆಗಳಲ್ಲೇ ಕೂತುಬಿಟ್ರು. ಲಿಯಾನ್ ಬ್ಲೂಮ್ ಸರ್ಕಾರ ಅದೇ ಜೂನ್‌ನಲ್ಲಿ ಕಾನೂನು ತಂತು: ದುಡಿಯೋರಿಗೆ ವರ್ಷಕ್ಕೆ 2 ವಾರ ಸಂಬಳಸಹಿತ ರಜೆ. ರೈಲು ಟಿಕೆಟ್‌ಗೂ ರಿಯಾಯಿತಿ. ಎಷ್ಟೋ ಜನ ಸಮುದ್ರ ನೋಡಿದ್ದೇ ಆಗ. 1982ರಲ್ಲಿ ಆ ರಜೆ 5 ವಾರ ಆಯ್ತು.

ಊರು ಬಿಡೋಕೆ ಆಗದವರ ಕಥೆ? 2003ರ ಆಗಸ್ಟ್‌ನಲ್ಲಿ ಪ್ಯಾರಿಸ್ ಬಿಸಿಲು 39 ಡಿಗ್ರಿ ಮುಟ್ಟಿತು. ಫ್ರಾನ್ಸ್‌ನಲ್ಲಿ ಸುಮಾರು 15,000 ಜನ ಸತ್ರು, ಹೆಚ್ಚಿನವರು ವೃದ್ಧರು. ಅಕ್ಕಪಕ್ಕದ ಮನೆಗಳಿಗೆ ಬೀಗ, ಎಷ್ಟೋ ಡಾಕ್ಟರ್‌ಗಳೂ ರಜೆ ಮೇಲೆ. ಪ್ಯಾರಿಸ್‌ನಲ್ಲಿ ಯಾರೂ ಕೇಳಿಕೊಂಡು ಬರದ 57 ಶವಗಳನ್ನ ಸೆಪ್ಟೆಂಬರ್ 3ರಂದು ತಿಯೆ ಸ್ಮಶಾನದಲ್ಲಿ ಮಣ್ಣು ಮಾಡಿದ್ರು. ಅಧ್ಯಕ್ಷ ಶಿರಾಕ್ ಬಂದು ನಿಂತಿದ್ರು.

ಮರುವರ್ಷ ಹೊಸ ಕಾನೂನು. ಕಾರ್ಮಿಕರು ವರ್ಷಕ್ಕೆ 1 ದಿನ ಹೆಚ್ಚುವರಿ ಸಂಬಳವಿಲ್ಲದೆ ದುಡಿಯಬೇಕು. ಕಂಪನಿಗಳು ಸಂಬಳದ ಮೊತ್ತದ 0.3% ಅನ್ನು ವೃದ್ಧರ, ಅಂಗವಿಕಲರ ಆರೈಕೆಗೆ ಕಟ್ಟಬೇಕು. ಹೋರಾಡಿ ಪಡೆದ ರಜೆಯಿಂದ ಒಂದು ದಿನ ವಾಪಸ್ ಕೊಟ್ಟ ಲೆಕ್ಕ ಇದು.

ರಜೆಗೆ ಹೊರಡೋ ಮುಂಚೆ ಪಕ್ಕದ ಮನೆ ಅಜ್ಜಿ ಒಬ್ರೇ ಇರ್ತಾರಾ ಅಂತ ಒಂದ್ಸಲ ಕೇಳಿ.

#ರಜೆಯಇತಿಹಾಸ