ಚಂದ್ರನ ನೆರಳೆಂಬ ದೋಣಿ

1980ರ ಫೆಬ್ರುವರಿ 16, ಶನಿವಾರ. ಅಂಕೋಲಾ, ಹುಬ್ಬಳ್ಳಿ, ಗದಗ, ರಾಯಚೂರಿನ ಕಡೆ ಹಾಯ್ದುಹೋದ ಖಗ್ರಾಸ ಸೂರ್ಯಗ್ರಹಣದ ಹೊತ್ತಿಗೆ ಬಾಗಿಲು ಹಾಕಿಕೊಂಡು ಕುಳಿತವರೇ ಬಹಳ. ಬಸುರಿಯರನ್ನು ಹೊರಗೆ ಬಿಡಲಿಲ್ಲ. ನೀರಿನ ಕೊಡಕ್ಕೆ ದರ್ಭೆ ಬಿತ್ತು. ಆಗಲೇ ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ಉಪಕರಣಗಳೊಡನೆ ಬಿಡಾರ ಹೂಡಿದ್ದರು.

ಗ್ರಹಣದಲ್ಲಿ ಕಣ್ಣಿಗೆ ಕಾಣದ್ದೂ ಒಂದಿತ್ತು. ಚಂದ್ರನ ನೆರಳು ನೆಲದ ಮೇಲೆ ಓಡುವುದು ಶಬ್ದಕ್ಕಿಂತ ವೇಗವಾಗಿ. ನೆರಳು ಬಿದ್ದಲ್ಲಿ ಮೇಲಿನ ಓಝೋನ್ ಪದರ ತಟ್ಟನೆ ತಂಪಾಗುತ್ತದೆ. ಹಾಗಿದ್ದರೆ ಬಾಗಲಕೋಟೆಯ ಹಿನ್ನೀರಿನಲ್ಲಿ ದೋಣಿಯ ಮೂತಿಯಿಂದ ಎರಡೂ ಕಡೆ ಅಲೆ ಚಾಚುವಂತೆ, ಆಕಾಶದಲ್ಲೂ ಅಲೆ ಏಳಬೇಕಲ್ಲವೇ? ಹೀಗೆಂದು ವಾದಿಸಿದವರು ಚಿಮೋನಾಸ್ ಮತ್ತು ಹೈನ್ಸ್, 1970ರಲ್ಲಿ. ಇವು ಶಬ್ದದ ಅಲೆಗಳ ದಾಯಾದಿಗಳು. ಶಬ್ದದಲ್ಲಿ ಗಾಳಿಯನ್ನು ಮತ್ತೆ ಸ್ಥಳಕ್ಕೆ ತರುವುದು ಒತ್ತಡ. ಇಲ್ಲಿ ಭೂಮಿಯ ಸೆಳೆತ. ಕಿವಿಗೆ ಮಾತ್ರ ಕೇಳವು.

ಕೇಳದ ಅಲೆಯನ್ನು ಹಿಡಿಯುವುದು ಹೇಗೆ? ಅದಕ್ಕೆ ರೇಡಿಯೊ ಬೇಕು. ಸುಮಾರು 60 ಕಿ.ಮೀ. ಎತ್ತರದಿಂದ ಮೇಲಕ್ಕೆ, ಬಿಸಿಲಿನ ಹೊಡೆತಕ್ಕೆ ಗಾಳಿಯ ಕಣಗಳು ಒಡೆದು ವಿದ್ಯುತ್ ಪಡೆದಿರುತ್ತವೆ. ಅದೇ ಅಯಾನುಗೋಳ. ರಾತ್ರಿ ಹೊತ್ತು ಮೀಡಿಯಂ ವೇವ್‌ನಲ್ಲಿ ಎಲ್ಲೆಲ್ಲಿಯದೋ ಕೇಂದ್ರಗಳು ಧಾರವಾಡದ ಪಕ್ಕ ಬಂದು ಗುನುಗುವುದು ಇದರ ಕೃಪೆಯಿಂದ. 1925ರಲ್ಲಿ ಅಮೆರಿಕದ ಬ್ರೈಟ್ ಮತ್ತು ಟ್ಯೂವ್ ರೇಡಿಯೊ ಮಿಡಿತಗಳನ್ನು ಮೇಲಕ್ಕೆ ಕಳಿಸಿ, ಮರಳಿ ಬರಲು ಹಿಡಿದ ಹೊತ್ತನ್ನು ಅಳೆದರು. ಬಾದಾಮಿಯ ಬಂಡೆಗಳ ನಡುವೆ ಕೂಗಿ, ಪ್ರತಿಧ್ವನಿಯಿಂದ ದೂರ ಅಂದಾಜು ಮಾಡಿದ ಹಾಗೆ. ಕೆಳಗಿನಿಂದ ಗಾಳಿಯ ಅಲೆ ಏರಿ ಬಂದರೆ ಆ ಪದರ ತೂಗುತ್ತದೆ, ಪ್ರತಿಧ್ವನಿಯ ಹೊತ್ತೂ ಹಿಂದುಮುಂದಾಗುತ್ತದೆ.

ತೊಡಕು ಇಲ್ಲೇ. ಪದರ ತೂಗಲು ಗ್ರಹಣವೇ ಬೇಕೆಂದಿಲ್ಲ. ಗುಡುಗುಮಳೆ, ಸೂರ್ಯನ ಸ್ಫೋಟ ಏನಾದರೂ ಸಾಕು. ಒಂದು ಊರಿನ ಒಂದು ಯಂತ್ರಕ್ಕೆ ನೀರು ಅಲುಗಿದ್ದು ತಿಳಿದೀತು, ಅಲುಗಿಸಿದ ದೋಣಿ ಯಾವುದೆಂದು ತಿಳಿಯದು. ಹೀಗಾಗಿ ಗ್ರಹಣದಿಂದ ಗ್ರಹಣಕ್ಕೆ ಜಗಳ ಮುಗಿಯಲೇ ಇಲ್ಲ.

ಜಗಳ ಬಗೆಹರಿಸಿದ್ದು ಜಿಪಿಎಸ್. ಅದರ ಉಪಗ್ರಹಗಳ ಸಂಕೇತವೂ ಅಯಾನುಗೋಳವನ್ನು ದಾಟುವಾಗ ತುಸು ತಡವಾಗುತ್ತದೆ. 2009ರ ಜುಲೈ 22ರ ಗ್ರಹಣದಲ್ಲಿ ತೈವಾನ್, ಜಪಾನ್‌ಗಳ ಮೇಲೆ ಈ ಅಲೆ ಕಂಡಿತು. 2017ರ ಆಗಸ್ಟ್ 21ರಂದು ಅಮೆರಿಕದಲ್ಲಿ ಸುಮಾರು 2000 ಗ್ರಾಹಕಗಳು ದೋಣಿಯ ಅಲೆಯ ಆಕಾರವನ್ನೇ ಬಿಡಿಸಿಟ್ಟವು. ಒಂದು ಅಲೆಯಿಂದ ಇನ್ನೊಂದಕ್ಕೆ 300ರಿಂದ 400 ಕಿ.ಮೀ.; ಸುಮಾರು ಒಂದು ಗಂಟೆ ಉಳಿದವು.

1980ರಲ್ಲಿ ಅಂಥ ಜಾಲ ಇರಲಿಲ್ಲ. ಗದಗದಲ್ಲಿ ಜನ ಗ್ರಹಣ ಬಿಟ್ಟ ಸ್ನಾನ ಮುಗಿಸಿ ಒಲೆ ಹೊತ್ತಿಸುವ ಹೊತ್ತಿಗೂ ಮೇಲೆ ಅಲೆಗಳು ಹರಡುತ್ತಿದ್ದಿರಬೇಕು.